ಕುದುರೆಮುಖದ ಏರಿನಲ್ಲಿ 14 ಮಂದಿ: ತಂಡವನ್ನು ಚದುರದಂತೆ ನಡೆಸುವುದು ಹೇಗೆ?

ಕಡಲತಡಿ, ಉಡುಪಿ:
ನಮಸ್ಕಾರ. ನಮ್ಮ ಕುಟುಂಬದವರೂ ನೆರೆಯವರೂ ಸೇರಿ 14 ಮಂದಿ ಅಕ್ಟೋಬರ್ ಕೊನೆಯ ವಾರ ಚಾರಣ ಶುರುವಾಗುವ ಮುಳ್ಳೋಡಿ ಹಳ್ಳಿಯಿಂದ ಕುದುರೆಮುಖ ಬೆಟ್ಟದ ತುದಿಗೆ ಹೋಗಿ ಅದೇ ದಿನ ಇಳಿಯಬೇಕೆಂದಿದ್ದೇವೆ. ಕಾಲೇಜು ಓದುವ ಹುಡುಗರೂ ಇದ್ದಾರೆ, 58 ವರ್ಷದ ನನ್ನ ಅತ್ತಿಗೆಯೂ ಇದ್ದಾರೆ. ಅತ್ತಿಗೆ ದಿನವೂ ಮಲ್ಪೆಯ ಮರಳಿನಲ್ಲಿ ನಡೆಯುವವರೇ, ಆದರೆ ಬೆಟ್ಟ ಹತ್ತಿ ರೂಢಿಯಿಲ್ಲ. ಬೇಗ ನಡೆಯುವವರದ್ದೊಂದು, ನಿಧಾನದವರದ್ದೊಂದು ಎಂದು ಎರಡು ತಂಡ ಮಾಡೋಣ ಎನ್ನುತ್ತಾರೆ ಹುಡುಗರು. ನನಗೆ ಮನಸ್ಸು ಒಪ್ಪುತ್ತಿಲ್ಲ. ತಿಳಿದವರು ಹೇಳಬೇಕು.

ಹುಲ್ಲುಗಾವಲು, ಮಂಗಳೂರು:
ತಂಡವನ್ನು ದಯವಿಟ್ಟು ಒಡೆಯಬೇಡಿ. ಹೋಗಿ ಬರಲು ಸುಮಾರು 20 ಕಿಲೋಮೀಟರ್ ದಾರಿ. ತೊರೆಗಳನ್ನೂ ಶೋಲಾ ಕಾಡಿನ (ಬೆಟ್ಟದ ಕಣಿವೆಗಳಲ್ಲಿನ ದಟ್ಟ ಕಾಡು) ತುಣುಕುಗಳನ್ನೂ ದಾಟಿ, ದಾರಿಯ ಗುರುತಾದ ಒಂಟಿಮರ ಎಂಬ ಜಾಗ ಕಳೆದ ಮೇಲೆ ಹುಲ್ಲುಬೆಟ್ಟದ ಏಣಿನ (ಬೆಟ್ಟದ ಬೆನ್ನಿನ) ಮೇಲೆ ಏರುತ್ತ ಹೋಗಬೇಕು, ಅಲ್ಲಿ ಗಾಳಿಗೂ ಬಿಸಿಲಿಗೂ ಮರೆಯಿಲ್ಲ.

ನಿಮ್ಮ ಅತ್ತಿಗೆಯವರನ್ನು ಮಾರ್ಗದರ್ಶಿಯ ಬೆನ್ನಿಗೇ, ಎಲ್ಲರಿಗಿಂತ ಮುಂದೆ ನಡೆಸಿ. ನಿಧಾನದವರು ಹಿಂದೆ ಉಳಿದರೆ, ಅವರು ಏದುಸಿರು ಬಿಡುತ್ತ ಬಂದು ಸೇರುವ ಹೊತ್ತಿಗೆ ಮುಂದಿನವರು ದಣಿವಾರಿಸಿಕೊಂಡು ಎದ್ದುಬಿಡುತ್ತಾರೆ. ಹೀಗಾಗಿ ವಿಶ್ರಾಂತಿ ಯಾರಿಗೆ ಹೆಚ್ಚು ಬೇಕೋ ಅವರಿಗೇ ಅದು ಸಿಗುವುದಿಲ್ಲ. ಹುಡುಗರಲ್ಲಿ ಗಟ್ಟಿಗನಾದ ಒಬ್ಬನಿಗೆ ಕೊನೆಯ ಸ್ಥಾನವನ್ನು ಜವಾಬ್ದಾರಿಯೆಂದು ಹೇಳಿಯೇ ಒಪ್ಪಿಸಿ.

ಬೆಳಿಗ್ಗೆ 7ರೊಳಗೆ ಹೊರಟು, ಮಧ್ಯಾಹ್ನ 12.30ಕ್ಕೆ ಎಲ್ಲಿದ್ದರೂ ಅಲ್ಲಿಂದಲೇ ಹಿಂದಿರುಗುವುದೆಂದು ಮನೆಯಲ್ಲಿಯೇ ತೀರ್ಮಾನಿಸಿಕೊಳ್ಳಿ. ತುದಿ ಕಣ್ಣಿಗೆ ಬಿದ್ದ ಮೇಲೆ ಆ ಮಾತನ್ನು ಯಾರೂ ಕೇಳುವುದಿಲ್ಲ.

ಬಜಗೋಳಿಯವ, ಕಾರ್ಕಳ:
ಮೇಲಿನ ಮಾತು ಸರಿಯೆಂದು ನಾನು ಪೆಟ್ಟು ತಿಂದು ಕಲಿತೆ. ಕೆಲವು ವರ್ಷಗಳ ಹಿಂದೆ ನಾನು ಕರೆದುಕೊಂಡು ಹೋಗಿದ್ದ ತಂಡ ಏಣಿನ ಮೇಲೆ ಉದ್ದಕ್ಕೆ ಚದುರಿದ್ದಾಗ ಮಂಜು ಕವಿದು ಹತ್ತು ಮಾರು ದೂರವೂ ಕಾಣದಾಯಿತು. ಇಬ್ಬರು ಕಾಡುಪ್ರಾಣಿಗಳ ಜಾಡನ್ನೇ ದಾರಿಯೆಂದು ತಿಳಿದು ಬೇರೆ ಮಗ್ಗುಲಿಗೆ ಇಳಿದುಬಿಟ್ಟಿದ್ದರು. ಕೂಗಿದ್ದು ಗಾಳಿಗೆ ಕೇಳಿಸಲಿಲ್ಲ. ಅವರು ಮರಳಿ ಸಿಗುವವರೆಗಿನ ಆ ಒಂದು ಗಂಟೆಯನ್ನು ನಾನು ಇಂದಿಗೂ ಮರೆತಿಲ್ಲ. ಆದ್ದರಿಂದ ಪ್ರತಿಯೊಬ್ಬರಿಗೂ ಒಂದು ಸೀಟಿ ಕೊಡಿ, ಮಂಜು ಬಂದರೆ ನಿಂತಲ್ಲೇ ನಿಲ್ಲಬೇಕೆಂದು ಮೊದಲೇ ಹೇಳಿಡಿ.

ಇನ್ನೊಂದು ಮಾತು. ಉಡುಪಿಯಿಂದ ನಸುಕಿನಲ್ಲಿ ಹೊರಟು ಅದೇ ದಿನ ಹತ್ತುವ ಯೋಚನೆ ಬೇಡ. ಹಿಂದಿನ ದಿನವೇ ಮಾಳ ಘಾಟಿಯ ಮೇಲೆ ಹೋಗಿ ಸಂಸೆ ಊರಿನ ಹೋಂಸ್ಟೇಯಲ್ಲಿ ಉಳಿದು, ಬೆಳಿಗ್ಗೆ ಜೀಪಿನಲ್ಲಿ ಮುಳ್ಳೋಡಿ ಸೇರಿ. ದಿನಕ್ಕೆ ಹತ್ತುವವರ ಸಂಖ್ಯೆಗೆ ಅರಣ್ಯ ಇಲಾಖೆ ಮಿತಿ ಇಟ್ಟಿರುವುದರಿಂದ 14 ಮಂದಿಗೂ ಒಟ್ಟಿಗೆ ಮುಂಗಡ ಅನುಮತಿ ಪಡೆಯಿರಿ. ಬುತ್ತಿಗೆ ಬನ್ಸ್ ಒಳ್ಳೆಯದು. ಬಟ್ಟೆಯಲ್ಲಿ ಸುತ್ತಿ ತಂದರೆ ಮಧ್ಯಾಹ್ನಕ್ಕೂ ಮೆತ್ತಗಿರುತ್ತದೆ. ಅಕ್ಟೋಬರಿನಲ್ಲಿ ಇಂಬಳ (ಜಿಗಣೆ) ಇನ್ನೂ ಇರುತ್ತದೆ, ಕಾಲುಚೀಲದೊಳಗೆ ಪ್ಯಾಂಟು ಸಿಕ್ಕಿಸಿಕೊಳ್ಳಿ.

ಕಡಲತಡಿ, ಉಡುಪಿ:
ಇಬ್ಬರಿಗೂ ಕೃತಜ್ಞತೆಗಳು. ಅತ್ತಿಗೆಯನ್ನೇ ಮುಂದೆ ನಡೆಸುತ್ತೇವೆ. ಅವರು ಒಂಟಿಮರದಲ್ಲಿಯೇ ಸಾಕೆಂದರೆ?

ಹುಲ್ಲುಗಾವಲು, ಮಂಗಳೂರು:
ಆಗ ಮಾರ್ಗದರ್ಶಿಗೆ ತಿಳಿಸಿ, ದಾರಿ ಬಲ್ಲ ಇಬ್ಬರನ್ನು ಜೊತೆಗೆ ಕೊಟ್ಟು ಮುಳ್ಳೋಡಿಗೆ ಹಿಂದೆ ಕಳುಹಿಸಿ. ಒಬ್ಬರೇ ಕಾದು ಕುಳಿತುಕೊಳ್ಳುವುದು ಮಾತ್ರ ಬೇಡ.