ಸ್ಪ್ರೂಸ್ ಕಾಡಿನ ಎನ್‌ಡಿವಿಐ (ಹಸಿರಿನ ಸೂಚ್ಯಂಕ): ಬದುಕಿರೋ ಮರ ಕುಸಿದ ಹಾಗೆ, ಸತ್ತ ಕಡೆ ಚಿಗುರಿದ ಹಾಗೆ ಕಾಣ್ತಿದೆ

ಹೆಬ್ಬಾಳ ಪಿಕ್ಸೆಲ್:
ಜರ್ಮನಿಯ ಹಾರ್ಜ್ ಪರ್ವತದಲ್ಲಿ ಬ್ರೊಕೆನ್ (1141 ಮೀ.) ಇಳಿಜಾರಿನ ಸ್ಪ್ರೂಸ್ (ಸೂಜಿ ಎಲೆಯ ಮರ) ಕಾಡು. ಸೆಂಟಿನೆಲ್-2 ಉಪಗ್ರಹದ ಎಲ್2ಎ (ವಾತಾವರಣದ ಪ್ರಭಾವ ತೆಗೆದ) ಡೇಟಾ, ಪ್ರತಿವರ್ಷ ಜುಲೈ ಚಿತ್ರ, ಲೆಕ್ಕ ಕ್ಯೂಜಿಐಎಸ್ ನಕ್ಷೆ ತಂತ್ರಾಂಶದಲ್ಲಿ. ಬದುಕಿರೋ ತುಂಡಿನಲ್ಲಿ ಎನ್‌ಡಿವಿಐ 2021ರಲ್ಲಿ 0.79, 2022ರಲ್ಲಿ 0.46. ಅಲ್ಲಿ ಓಡಾಡೋರು ಮರ ಹಸಿರಾಗೇ ಇದೆ ಅಂತಾರೆ. 2022ರ ಒಂದು ಪಿಕ್ಸೆಲ್: ಬಿ8 (ಸಮೀಪ ಅವಗೆಂಪು ಬ್ಯಾಂಡ್) 3500, ಬಿ4 (ಕೆಂಪು ಬ್ಯಾಂಡ್) 1300. ಪಕ್ಕದಲ್ಲೇ, 2018ರ ಬರದ ನಂತರ ತೊಗಟೆ ದುಂಬಿಗೆ ಸತ್ತ ತುಂಡು 2022ರಿಂದೀಚೆಗೆ ಏರ್ತಾ ಇದೆ. ಸ್ಪ್ರೂಸ್ ಮರುಹುಟ್ಟು ಅಂತ ವರದಿಗೆ ಹಾಕಬಹುದಾ?

ಬಸವನಗುಡಿ ರಾಸ್ಟರ್:
ಮರಕ್ಕೇನೂ ಆಗಿಲ್ಲ, ಲೆಕ್ಕ ತಪ್ಪಿದೆ. 2022 ಜನವರಿ 25ಕ್ಕೆ ಬಂದ 04.00 ಸಂಸ್ಕರಣಾ ಆವೃತ್ತಿಯಿಂದ ಪ್ರತಿ ಬ್ಯಾಂಡಿನ ಸಂಖ್ಯೆಗೂ 1000 ಸೇರಿರುತ್ತೆ. ನೀವು ಕಳೆದಿಲ್ಲ. ಎನ್‌ಡಿವಿಐ ಅಂದ್ರೆ ಬಿ8, ಬಿ4ರ ವ್ಯತ್ಯಾಸವನ್ನ ಅವುಗಳ ಮೊತ್ತದಿಂದ ಭಾಗಿಸೋದು: 2200ನ್ನ 4800ರಿಂದ ಭಾಗಿಸಿದ್ರೆ 0.46. ಎರಡರಿಂದಲೂ 1000 ಕಳೀರಿ: 2500, 300. ವ್ಯತ್ಯಾಸ ಅದೇ 2200, ಮೊತ್ತ ಮಾತ್ರ 2800. ಬಂತಲ್ಲ 0.79!

ಯಶವಂತಪುರ ಜಿಐಎಸ್:
ಸರಿ, ಆದ್ರೆ ದಿನಾಂಕ ನೋಡಿ ಕಳೀಬೇಡಿ. ಹಳೇ ಚಿತ್ರಗಳನ್ನೂ ಮರುಸಂಸ್ಕರಿಸಿದ್ದಾರೆ. ಇವತ್ತು ಇಳಿಸಿಕೊಂಡ 2019ರ ಫೈಲಲ್ಲೂ ಆ 1000 ಇರಬಹುದು. ಫೈಲ್ ಹೆಸರಲ್ಲಿ ಎನ್0400 (ಅಂದ್ರೆ 04.00 ಆವೃತ್ತಿ) ಅಥವಾ ಅದಕ್ಕಿಂತ ದೊಡ್ಡ ಸಂಖ್ಯೆ ಇದ್ರೆ ಮಾತ್ರ ಕಳೀರಿ. 0 ಇರೋ ಪಿಕ್ಸೆಲ್ ಮುಟ್ಟಬೇಡಿ, ಅಲ್ಲಿ ಡೇಟಾನೇ ಇಲ್ಲ. ಗೂಗಲ್ ಅರ್ಥ್ ಎಂಜಿನ್‌ನ ಹಾರ್ಮೊನೈಸ್ಡ್ (ಹಳೇದು-ಹೊಸದು ಒಂದೇ ಅಳತೆಗೆ ತಂದ) ಸಂಗ್ರಹದಲ್ಲಿ ಈ ಕೆಲಸ ಆಗಿರುತ್ತೆ. ಅಲ್ಲಿ ಮತ್ತೆ ಕಳೆದ್ರೆ ಎನ್‌ಡಿವಿಐ 1 ದಾಟುತ್ತೆ.

ಮರುಹುಟ್ಟು ಅಂತ ಮಾತ್ರ ಹಾಕಬೇಡಿ. ಮೊಣಕಾಲೆತ್ತರದ ಸಸಿ ಹುಲ್ಲಿನೊಳಗೆ ಮುಚ್ಚಿಹೋಗಿರುತ್ತೆ, 10 ಮೀಟರ್ ಪಿಕ್ಸೆಲ್‌ಗೆ ಎಲ್ಲಿ ಕಾಣಬೇಕು? ಏರ್ತಿರೋದು ಹುಲ್ಲು, ಫೈರ್‌ವೀಡ್, ರೋವನ್ ಗಿಡಗಳ ಹಸಿರೂ ಆಗಿರಬಹುದು. ಬಂಡೀಪುರದಲ್ಲಿ ಲಂಟಾನ ಹಬ್ಬಿದ ಕಡೆಯೂ ಎನ್‌ಡಿವಿಐ ಚೆನ್ನಾಗೇ ಬರುತ್ತೆ. ಜುಲೈ ಜೊತೆ ಅಕ್ಟೋಬರ್ ಕೊನೆಯ ಚಿತ್ರ ಇಟ್ಟು ನೋಡಿ: ಅಷ್ಟೊತ್ತಿಗೆ ಹುಲ್ಲು ಒಣಗಿ, ರೋವನ್ ಎಲೆ ಉದುರಿರುತ್ತೆ, ಸ್ಪ್ರೂಸ್ ಸೂಜಿ ಉಳಿಯುತ್ತೆ. ತುಂಬ ಇಳಿದಿದ್ರೆ ಅದು ಸ್ಪ್ರೂಸ್ ಅಲ್ಲ. ಎಸ್‌ಸಿಎಲ್ ಪದರದ (ಪ್ರತಿ ಪಿಕ್ಸೆಲ್‌ನಲ್ಲಿ ಏನಿದೆ ಅಂತ ಹೇಳೋದು) 3, 8, 9, 10, 11, ಅಂದ್ರೆ ಮೋಡ, ಮೋಡದ ನೆರಳು, ಹಿಮ ತೆಗೆದುಬಿಡಿ. ಉತ್ತರದ ಇಳಿಜಾರಿಗೆ ಆಗ ನೆರಳು ಬೀಳುತ್ತೆ, ಅದನ್ನ ಬೇರೆಯಾಗಿ ನೋಡಿ.

ಹೆಬ್ಬಾಳ ಪಿಕ್ಸೆಲ್:
2021ರದು ಎನ್0301, 2022ರದು ಎನ್0400. ಕಳೆದ ಮೇಲೆ ಸರಿಹೋಯ್ತು, ಥ್ಯಾಂಕ್ಸ್. ಸಸಿ ಎಣಿಸೋಕೆ ಅಲ್ಲಿಯವರು 5.64 ಮೀ. ತ್ರಿಜ್ಯದ ವೃತ್ತ ಹಾಕ್ತಿದ್ದಾರೆ, ಇಳಿಜಾರು 30 ಡಿಗ್ರಿ. ಸಾಕಾ?

ಯಶವಂತಪುರ ಜಿಐಎಸ್:
ಟೇಪ್ ನೆಲಕ್ಕೆ ಹಾಸಿ ಅಳೆದಿದ್ರೆ ಸಾಲದು. 5.64ಕ್ಕೆ 100 ಚದರ ಮೀಟರ್ ಬರೋದು ಸಮತಟ್ಟಿನಲ್ಲಿ. 30 ಡಿಗ್ರಿಯಲ್ಲಿ ಸಿಗೋದು 86.6. ಮೇಲೆ-ಕೆಳಗೆ 6.51, ಅಡ್ಡಕ್ಕೆ 5.64 ಹಿಡೀಲಿ. ಎಲ್ಲ ದಿಕ್ಕಿಗೂ ಒಂದೇ ಅಳತೆ ಬೇಕಂದ್ರೆ 6.06. ಆಮೇಲೆ ಒಂದು ಸಸಿ ಅಂದ್ರೆ ಹೆಕ್ಟೇರಿಗೆ 100.

ಕೊಳೆತ ದಿಮ್ಮಿ ಮೇಲಿನ ಸಸಿಗಳಿಗೆ ಬೇರೆ ಕಾಲಂ ಇರಲಿ. ನೆಲದ ಹುಲ್ಲಿನ ಪೈಪೋಟಿ ಅಲ್ಲಿ ಕಡಿಮೆ, ಹಾಗಾಗಿ ಎರಡನ್ನೂ ಬೆರೆಸಿದ್ರೆ ಯಾವ ಜಾಗದಲ್ಲಿ ಸಸಿ ನಿಲ್ತಿದೆ ಅಂತ ಗೊತ್ತಾಗಲ್ಲ. ಜಿಂಕೆ ಕುಡಿ ಕಚ್ಚಿರೋದನ್ನೂ ಗುರುತು ಹಾಕಿಕೊಳ್ಳಲಿ. ಈಗಾಗಲೇ ಎಣಿಸಿರೋ ವೃತ್ತಗಳನ್ನ ಎಸೀಬೇಡಿ, ಸಂಖ್ಯೆಯನ್ನ 0.866ರಿಂದ ಭಾಗಿಸಿ.