ಅಪ್‌ಡೇಟ್: ಹಳೇ ಲ್ಯಾಪ್‌ಟಾಪಿನ ಎಸ್‌ಎಸ್‌ಡಿ ಅಳಿಸಿದ್ದಾಯಿತು

ಲ್ಯಾಪ್‌ಟಾಪ್ ಮಾರುವ ಮುಂಚೆ ಅದರ ಸಾಟಾ ಎಸ್‌ಎಸ್‌ಡಿಯಲ್ಲಿರುವ (ಸಾಟಾ ಕನೆಕ್ಷನ್ನಿನ, ಚಿಪ್‌ಗಳಲ್ಲಿ ಡೇಟಾ ಇಡುವ ಡ್ರೈವ್) ಡೇಟಾ ಮತ್ತೆ ಯಾರ ಕೈಗೂ ಸಿಗದಂತೆ ಅಳಿಸುವುದು ಹೇಗೆ ಅಂತ ಕೇಳಿದ್ದೆ. ಕೆಲಸ ಆಯಿತು, ಎಲ್ಲರಿಗೂ ಥ್ಯಾಂಕ್ಸ್.

ಪೂರ್ತಿ ಸೊನ್ನೆ ತುಂಬಿಸಿ ಅಂದವರ ಸಲಹೆ ಬಿಟ್ಟೆ. ಹಾರ್ಡ್ ಡಿಸ್ಕಿಗೆ ಅದು ಸರಿ. ಆದರೆ ಎಸ್‌ಎಸ್‌ಡಿಯ ಕಂಟ್ರೋಲರ್ (ಅದನ್ನು ನಡೆಸುವ ಚಿಪ್) ಹೊಸದನ್ನು ಬೇರೆ ಸೆಲ್‌ಗಳಲ್ಲಿ ಬರೆಯುತ್ತದೆ. ನಮಗೆ ಕಾಣದ ಮೀಸಲು ಜಾಗವೂ ಇರುತ್ತದೆ. ಹಳೆಯದು ಅಲ್ಲೆಲ್ಲೋ ಉಳಿಯಬಹುದು, ಸುಮ್ನೆ ಡ್ರೈವ್ ಸವೆಯುತ್ತದೆ.

ಲಿನಕ್ಸ್ ಲೈವ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಎಚ್‌ಡಿಪಾರ್ಮ್ (ಡ್ರೈವಿಗೆ ನೇರವಾಗಿ ಆದೇಶ ಕೊಡುವ ಟೂಲ್) ಓಡಿಸಿದೆ. ‘ಫ್ರೋಜನ್’, ಅಂದರೆ ಅಳಿಸುವ ಆದೇಶಕ್ಕೆ ತಡೆ ಇದೆ ಅಂತ ತೋರಿಸಿತು! ಎಷ್ಟೋ ಮೆಷಿನ್‌ಗಳಲ್ಲಿ ಬಯಾಸ್ (ಆನ್ ಮಾಡಿದಾಗ ಮೊದಲು ಓಡುವ ಸಾಫ್ಟ್‌ವೇರ್) ಬೇಕಂತಲೇ ಹೀಗೆ ಮಾಡುತ್ತದೆ. ಯಾವುದೋ ವೈರಸ್ ಡ್ರೈವ್ ಅಳಿಸಿಬಿಡಬಾರದು ಅಲ್ವಾ? ಲ್ಯಾಪ್‌ಟಾಪನ್ನು ಒಮ್ಮೆ ಸ್ಲೀಪ್‌ಗೆ ಹಾಕಿ ಎಬ್ಬಿಸಿದೆ, ‘ನಾಟ್ ಫ್ರೋಜನ್’ ಆಯಿತು. ತಾತ್ಕಾಲಿಕ ಪಾಸ್‌ವರ್ಡ್ ಇಟ್ಟು ಸೆಕ್ಯೂರ್ ಎರೇಸ್ (ಡ್ರೈವ್ ತನ್ನನ್ನು ತಾನೇ ಅಳಿಸಿಕೊಳ್ಳುವ ಆದೇಶ) ಕೊಟ್ಟೆ. ಮುಗಿದಾಗ ಆ ಪಾಸ್‌ವರ್ಡ್ ತಾನಾಗೇ ಹೋಗುತ್ತದೆ. ನಡುವೆ ಪವರ್ ಹೋದರೆ ಮಾತ್ರ ಡ್ರೈವ್ ಲಾಕ್ ಆಗಿಯೇ ಉಳಿಯಬಹುದು, ಆದ್ದರಿಂದ ಪಾಸ್‌ವರ್ಡ್ ಬರೆದಿಟ್ಟುಕೊಳ್ಳಿ, ಚಾರ್ಜರ್ ತೆಗೆಯಬೇಡಿ.

ಕೊನೆಗೆ ಹೆಕ್ಸ್‌ಡಂಪಿನಲ್ಲಿ (ಡ್ರೈವಿನಲ್ಲಿರುವುದನ್ನು ಹಾಗೇ ತೋರಿಸುವ ಟೂಲ್) ನೋಡಿದರೆ ಬರೀ ಸೊನ್ನೆ. ಮೀಸಲು ಜಾಗ ಅದರಲ್ಲಿ ಕಾಣುವುದಿಲ್ಲ, ಅಲ್ಲಿ ಫರ್ಮ್‌ವೇರನ್ನು (ಡ್ರೈವಿನೊಳಗಿನ ಸಾಫ್ಟ್‌ವೇರ್) ನಂಬಲೇಬೇಕು. ನಿಮ್ಮದು ಎನ್‌ವಿಎಂಇ ಡ್ರೈವ್ (ಸಾಟಾ ಅಲ್ಲದ ಇನ್ನೊಂದು ಬಗೆಯ ಎಸ್‌ಎಸ್‌ಡಿ) ಆಗಿದ್ದರೆ ಈ ದಾರಿ ನಡೆಯುವುದಿಲ್ಲ, ಎನ್‌ವಿಎಂಇ-ಸಿಎಲ್‌ಐ ಅನ್ನುವ ಟೂಲಿನ ಫಾರ್ಮ್ಯಾಟ್ ಅಥವಾ ಸ್ಯಾನಿಟೈಜ್ ಆದೇಶ ಬಳಸಿ.