ಏಳು ಸಾವಿರದ ಗ್ರೈಂಡರ್ ನಮ್ಮ ಮನೆಗೆ ಅಷ್ಟು ಬಾಳುತ್ತಾ?

ಯಲಹಂಕದ ಅಡುಗೆಮನೆ:

ಎಲ್ಲರಿಗೂ ನಮಸ್ಕಾರ. ಗ್ರೈಂಡರ್ ತಗೊಳ್ಳೋದಾ ಬೇಡವಾ ಅಂತ ನಮ್ಮ ಮನೆಯಲ್ಲಿ ಯುಗಾದಿಯಿಂದ ಮಾತು ನಡೆದಿದೆ. ಇನ್ನೂ ಬಗೆಹರಿದಿಲ್ಲ. ನಿಮ್ಮ ಅನುಭವ ಹೇಳಿ.

ಮನೆಯಲ್ಲಿ ನಾನು, ಯಜಮಾನರು, ಎಂಟನೇ ಕ್ಲಾಸಿನ ಮಗಳು. ವರ್ಷದಲ್ಲಿ ಅರ್ಧ ಅತ್ತೆಯೂ ಇರುತ್ತಾರೆ. ವಾರದಲ್ಲಿ ಎರಡು ಮೂರು ಬೆಳಗ್ಗೆ ಇಡ್ಲಿ, ಇಲ್ಲಾಂದ್ರೆ ದೋಸೆ. ಈಗ 750 ವ್ಯಾಟ್ ಮಿಕ್ಸಿಯಲ್ಲೇ ರುಬ್ಬುತ್ತೇನೆ. ಆಫೀಸಿನಿಂದ ಬಂದು ಜಾರ್ ತುಂಬುವುದು, ರುಬ್ಬಿ ಸುರಿಯುವುದು, ಮತ್ತೆ ತುಂಬುವುದು. ಅಷ್ಟರಲ್ಲಿ ಜಾರ್ ಬಿಸಿಯಾಗಿರುತ್ತದೆ. ಅದು ಆರುವವರೆಗೆ ಅಲ್ಲೇ ನಿಂತು ಕಾಯಬೇಕು. ದೋಸೆ ಚೆನ್ನಾಗೇ ಬರುತ್ತದೆ. ಇಡ್ಲಿ ಮಾತ್ರ ಊರಲ್ಲಿ ಅತ್ತೆ ಮಾಡುವಷ್ಟು ಮೆತ್ತಗೆ ಬರುವುದಿಲ್ಲ.

ಅಂಗಡಿಯಲ್ಲಿ ಎರಡು ಲೀಟರಿನ ಟೇಬಲ್ ಟಾಪ್ ಗ್ರೈಂಡರ್ ನೋಡಿದೆ. ಎಂಆರ್‌ಪಿ 11,000, ಅವರು ಕೊಡುವುದು 7,200ಕ್ಕೆ. ಪಕ್ಕದಲ್ಲೇ ಇನ್ನೊಂದು ಕಂಪನಿಯದು 4,300. ಯಜಮಾನರು ಹೇಳುವುದು ಹೀಗೆ: "ಪ್ಯಾಕೆಟ್ ಹಿಟ್ಟು ಕೆಜಿಗೆ 80 ರೂಪಾಯಿ. 7,200ಕ್ಕೆ 90 ಪ್ಯಾಕೆಟ್ ಬರುತ್ತೆ. ಸುಮ್ನೆ ಯಾಕೆ ತಲೆನೋವು?"

ದುಡ್ಡೇ ಇಲ್ಲ ಅಂತಲ್ಲ. ಆದರೆ ಅಂಗಡಿಯವರು ಹಾಕಿದ ಬೆಲೆ ಒಂದು, ಆ ವಸ್ತು ನಮಗೆ ಎಷ್ಟು ಬಾಳುತ್ತದೆ ಅನ್ನುವುದು ಇನ್ನೊಂದು. ಮೊದಲನೆಯದು ಚೀಟಿಯ ಮೇಲೆ ಬರೆದಿರುತ್ತದೆ. ಎರಡನೆಯದನ್ನು ನೀವೆಲ್ಲ ಹೇಗೆ ತೂಗಿ ನೋಡುತ್ತೀರಿ?

ತುಮಕೂರು ಮೇಷ್ಟ್ರು:

ನಾನು ಪಿಯುಸಿ ಮಕ್ಕಳಿಗೆ ಅರ್ಥಶಾಸ್ತ್ರ ಹೇಳಿಕೊಡುವವನು. ನಿಮ್ಮ ಪ್ರಶ್ನೆ ಪ್ರತಿ ವರ್ಷ ನಮ್ಮ ಕ್ಲಾಸಿನಲ್ಲಿ ಬೇರೆ ರೂಪದಲ್ಲಿ ಬರುತ್ತದೆ. ನೀರಿಲ್ಲದೆ ಬದುಕಕ್ಕಾಗಲ್ಲ, ಆದರೂ ಅಗ್ಗ. ವಜ್ರದಿಂದ ಹೊಟ್ಟೆ ತುಂಬಲ್ಲ, ಆದರೂ ದುಬಾರಿ. 1776ರಲ್ಲಿ ಅರ್ಥಶಾಸ್ತ್ರಜ್ಞ ಆಡಮ್ ಸ್ಮಿತ್ ಇದನ್ನು ಎತ್ತಿ ಹೇಳಿದರು. ಸರಿಯಾದ ಉತ್ತರ ಸಿಗಲು ಸುಮಾರು ನೂರು ವರ್ಷ ಬೇಕಾಯಿತು. 1871ರಲ್ಲಿ ಆಸ್ಟ್ರಿಯಾದ ಕಾರ್ಲ್ ಮೆಂಗರ್, ಇಂಗ್ಲೆಂಡಿನ ಜೆವನ್ಸ್ ಇಬ್ಬರೂ ಬೇರೆ ಬೇರೆಯಾಗಿ ಒಂದೇ ಮಾತು ಹೇಳಿದರು. ಜನ ಬೆಲೆ ಕಟ್ಟುವುದು ಒಟ್ಟು ನೀರಿಗಲ್ಲ, ಈಗ ಇರುವುದರ ಮೇಲೆ ಸಿಗುವ ಇನ್ನೊಂದು ಲೋಟಕ್ಕೆ. ನೀರು ಬೇಕಾದಷ್ಟು ಇರುವುದರಿಂದ ಆ ಇನ್ನೊಂದು ಲೋಟಕ್ಕೆ ಬೆಲೆ ಕಮ್ಮಿ, ವಜ್ರ ಅಪರೂಪ, ಅದಕ್ಕೇ ದುಬಾರಿ.

ಇದನ್ನು ನಿಮ್ಮ ಅಡುಗೆಮನೆಗೆ ತರೋಣ. ಯಜಮಾನರು ಗ್ರೈಂಡರನ್ನು ಪ್ಯಾಕೆಟ್ ಹಿಟ್ಟಿನ ಜೊತೆ ತೂಗುತ್ತಿದ್ದಾರೆ. ಆದರೆ ನೀವು ಈಗ ಪ್ಯಾಕೆಟ್ ತರುತ್ತಿಲ್ಲವಲ್ಲ. ಮಿಕ್ಸಿ ಇದೆ, ಮನೆಯಲ್ಲೇ ರುಬ್ಬುತ್ತಿದ್ದೀರಿ. 800 ಗ್ರಾಂ ಅಕ್ಕಿ, 200 ಗ್ರಾಂ ಉದ್ದಿನಬೇಳೆ ಅಂದರೆ ನಮ್ಮೂರ ಅಂಗಡಿ ರೇಟಿನಲ್ಲಿ 70 ರೂಪಾಯಿ ಆಸುಪಾಸು. ಅದರಿಂದ ಎರಡು ಕೆಜಿ ಮೇಲೆ ಹಿಟ್ಟು ಬರುತ್ತದೆ. ಅಷ್ಟೇ ಪ್ಯಾಕೆಟ್ ಹಿಟ್ಟಿಗೆ 160. ಈ ಉಳಿತಾಯ ನಿಮಗೆ ಮಿಕ್ಸಿಯಿಂದಲೇ ಸಿಗುತ್ತಿದೆ. ಗ್ರೈಂಡರ್ ಬಂದರೆ ಹೊಸದಾಗಿ ಉಳಿಯುವುದು ಒಂದು ಹಿಡಿ ಉದ್ದು, ಅಷ್ಟೇ. ನಮ್ಮ ಮನೆಯಲ್ಲಿ ಮಿಕ್ಸಿಗೆ ಮೂರು ಪಾಲು ಅಕ್ಕಿಗೆ ಒಂದು ಪಾಲು ಉದ್ದು ಹಾಕುತ್ತಾರೆ, ಗ್ರೈಂಡರಿಗೆ ನಾಲ್ಕಕ್ಕೆ ಒಂದು.

ಹಾಗಾಗಿ ದುಡ್ಡು ಉಳಿಯುತ್ತದೆ ಅಂತ ಕೊಳ್ಳಬೇಡಿ. ಉಳಿಯಲ್ಲ ಅಂತ ಬಿಡಲೂ ಬೇಡಿ. ಆ ಜಾರ್ ಆರುವ ತನಕ ನಿಲ್ಲುವ ಹೊತ್ತು ನಿಮಗೆ ಬೇಕಾ, ಇಡ್ಲಿ ಇನ್ನಷ್ಟು ಮೆತ್ತಗಾದರೆ ನಿಮಗೆ ಎಷ್ಟು ಖುಷಿ, ಈ ಎರಡೇ ಪ್ರಶ್ನೆ. ಅದಕ್ಕೆ ಅರ್ಥಶಾಸ್ತ್ರದಲ್ಲಿ ರೇಟು ಸಿಗಲ್ಲ, ನೀವೇ ಹಾಕಬೇಕು.

ಹಾಸನದ ರಿಪೇರಿ ಅಂಗಡಿ:

ಅಕ್ಕ, ನಾನು ಮಿಕ್ಸಿ, ಗ್ರೈಂಡರ್ ರಿಪೇರಿ ಮಾಡುತ್ತೇನೆ. ಅಪ್ಪನ ಕಾಲದಿಂದ ಇದೇ ಕೆಲಸ. ಮಾರುವವರು ಒಂದು ಕಡೆಯಿಂದ ನೋಡುತ್ತಾರೆ, ನಾನು ಇನ್ನೊಂದು ಕಡೆಯಿಂದ ನೋಡುತ್ತೇನೆ. ಕೊಂಡು ವರ್ಷಗಳಾದ ಮೇಲೆ ಆ ವಸ್ತು ನನ್ನ ಮೇಜಿಗೆ ಬರುತ್ತದೆ. ತಳಭಾಗ ಬಿಚ್ಚಿದರೆ ಆ ಮನೆಯಲ್ಲಿ ಅದು ಎಷ್ಟು ಬಾಳಿತು ಅಂತ ಕಣ್ಣಿಗೆ ಕಾಣುತ್ತದೆ.

ದಿನಾ ದುಡಿದ ಗ್ರೈಂಡರ್ ಬಂದರೆ ಬೆಲ್ಟ್ ಸವೆದು ನುಣ್ಣಗಾಗಿರುತ್ತದೆ. ಉರುಳು ಕಲ್ಲಿನ ನಡುವೆ ಕೂರುವ ಬುಷ್ ಅನ್ನುವ ಕೊಳವೆ ಸಡಿಲಾಗಿ ಕಲ್ಲು ಅಲ್ಲಾಡುತ್ತದೆ. ಕೆಲವು ಸಲ ಮೋಟರ್ ಗುಂಯ್ ಅನ್ನುತ್ತದೆ, ಡ್ರಮ್ ತಿರುಗಲ್ಲ, ಮೋಟರಿಗೆ ಶುರುವಿನಲ್ಲಿ ಬಲ ಕೊಡುವ ಕೆಪಾಸಿಟರ್ ಹೋಗಿರುತ್ತದೆ. ಇವೆಲ್ಲ ಸಣ್ಣ ಖರ್ಚಿನ ಕೆಲಸ. ಹಾಕಿ ಕೊಟ್ಟರೆ ಮತ್ತೆ ವರ್ಷಗಟ್ಟಲೆ ಓಡುತ್ತದೆ. ಇನ್ನೊಂದು ಥರದ್ದೂ ಬರುತ್ತದೆ. ಹೊರಗಿನಿಂದ ಹೊಸದರ ಹಾಗೇ ಇರುತ್ತದೆ, ಸ್ಟಿಕ್ಕರ್ ಕೂಡ ಕಿತ್ತಿರಲ್ಲ. ಒಳಗೆ ಬೆಲ್ಟ್ ಮಾತ್ರ ಒಣಗಿ ಬಿರುಕು ಬಿಟ್ಟಿರುತ್ತದೆ. ಬಳಸಿ ಕೆಟ್ಟಿದ್ದಲ್ಲ ಅದು, ಸುಮ್ನೆ ಕೂತು ಕೆಟ್ಟಿದ್ದು. ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಅಟ್ಟದ ಮೇಲಿತ್ತು." ಇದನ್ನು ನೋಡಿದಾಗೆಲ್ಲ ನನಗೆ ಸಂಕಟ ಆಗುತ್ತದೆ. ಅವರು ಕಷ್ಟಪಟ್ಟು ದುಡಿದ ದುಡ್ಡು ಅದು.

ಈ ಎರಡೂ ಥರದ ಗ್ರೈಂಡರಿನಲ್ಲಿ ದುಬಾರಿದೂ ಇರುತ್ತವೆ, ಅಗ್ಗದ್ದೂ ಇರುತ್ತವೆ. ಹಾಗಾಗಿ ಯಾವುದು ತಗೊಳ್ಳಲಿ ಅಂತ ಯಾರಾದರೂ ಕೇಳಿದರೆ ನಾನು ಬಜೆಟ್ ಕೇಳಲ್ಲ. ಎಲ್ಲಿ ಇಡುತ್ತೀರಿ, ಯಾರು ತೊಳೆಯುತ್ತಾರೆ, ಇಷ್ಟನ್ನೇ ಕೇಳುತ್ತೇನೆ.

ಯಾಕೆ ಅಂದರೆ, ಗ್ರೈಂಡರ್ ಅಂದರೆ ಭಾರ. ಡ್ರಮ್ಮಿನ ತಳದಲ್ಲೇ ಕಲ್ಲು ಇದೆ, ಉರುಳು ಕಲ್ಲು ಬೇರೆ. ಒಟ್ಟು ತೂಕ ಹತ್ತು ಕೆಜಿ ದಾಟುವುದೇ ಜಾಸ್ತಿ. ಅಡುಗೆ ಕಟ್ಟೆಯ ಮೇಲೆ, ಪ್ಲಗ್ ಪಕ್ಕದಲ್ಲೇ ಖಾಯಂ ಜಾಗ ಇದ್ದರೆ ನೀವು ಬಳಸುತ್ತೀರಿ. ಪ್ರತಿ ಸಲ ಬಗ್ಗಿ ಎತ್ತಿ ಇಡಬೇಕು ಅಂದರೆ ಕೆಲವೇ ತಿಂಗಳಲ್ಲಿ ಮಿಕ್ಸಿಗೇ ವಾಪಸ್ ಹೋಗುತ್ತೀರಿ. ಅದಕ್ಕೆ ಒಂದು ಕೆಲಸ ಮಾಡಿ. ಅಂಗಡಿಯಲ್ಲಿ ಅದರ ಅಳತೆ ಕೇಳಿಕೊಂಡು ಬಂದು, ಕಟ್ಟೆಯ ಮೇಲೆ ಅಷ್ಟಗಲ ಪೇಪರ್ ಹಾಸಿ. ಒಂದು ವಾರ ಆ ಜಾಗದಲ್ಲಿ ಏನೂ ಇಡಬೇಡಿ. ತರಕಾರಿ ಹೆಚ್ಚಲು, ಚಪಾತಿ ಲಟ್ಟಿಸಲು ಜಾಗ ಸಾಕಾಗುತ್ತದಾ ನೋಡಿ. ಕಟ್ಟೆ ಚಿಕ್ಕದಿದ್ದರೆ ಇದೇ ದೊಡ್ಡ ಖರ್ಚು.

ತೊಳೆಯುವುದು ಇನ್ನೊಂದು. ರುಬ್ಬುವುದಕ್ಕೆ ನೀವು ನಿಲ್ಲಬೇಕಿಲ್ಲ, ನಿಜ. ಉದ್ದು ಅರ್ಧ ಗಂಟೆ, ಅಕ್ಕಿ ಅರ್ಧ ಗಂಟೆ ಅದರ ಪಾಡಿಗೆ ಅದು ತಿರುಗುತ್ತಿರುತ್ತದೆ. ನಡುವೆ ಒಂದೆರಡು ಸಲ ನೀರು ಚಿಮುಕಿಸಿದರೆ ಸಾಕು. ಕಲ್ಲು ನಿಧಾನ ತಿರುಗುವುದರಿಂದ ಹಿಟ್ಟು ಬಿಸಿಯಾಗಲ್ಲ, ಉದ್ದು ನೊರೆ ನೊರೆಯಾಗಿ ಉಬ್ಬಿ ಬರುತ್ತದೆ. ಅತ್ತೆಯವರು ಊರಲ್ಲಿ ಕಲ್ಲಿನಲ್ಲಿ ರುಬ್ಬುತ್ತಿದ್ದರೆ, ಅವರ ಇಡ್ಲಿ ಮೆತ್ತಗಿರುವುದು ಅದಕ್ಕೇ. ಆಮೇಲೆ ಕಲ್ಲು, ಡ್ರಮ್, ಹಿಟ್ಟು ಎಳೆಯುವ ಪಟ್ಟಿ ಎಲ್ಲ ತಕ್ಷಣ ತೊಳೆಯಬೇಕು. ಒಣಗಿದರೆ ಉಜ್ಜಿ ಉಜ್ಜಿ ಸಾಕಾಗುತ್ತದೆ. ರಾತ್ರಿ ಒಂಬತ್ತಕ್ಕೆ ರುಬ್ಬಿ ಮುಗಿಸಿ, ಅದನ್ನು ತೊಳೆಯುವ ತ್ರಾಣ ಇರುತ್ತದಾ? ಯಜಮಾನರು ತೊಳೆದು ಕೊಡುತ್ತಾರಾ? ಮೊದಲೇ ಮಾತಾಡಿಕೊಳ್ಳಿ.

ಇನ್ನು ಆ ಎಂಆರ್‌ಪಿ. 11,000 ಅನ್ನುವುದನ್ನು ಮರೆತುಬಿಡಿ. ಎಂಆರ್‌ಪಿ ಅಂದರೆ ಅದಕ್ಕಿಂತ ಜಾಸ್ತಿಗೆ ಮಾರಬಾರದು ಅನ್ನುವ ಗಡಿ. ವಸ್ತುವಿನ ಯೋಗ್ಯತೆಗೆ ಕೊಟ್ಟ ಮಾರ್ಕು ಅಲ್ಲ. 3,800 ಉಳಿಯಿತು ಅಂತ ಮನಸ್ಸು ಹೇಳುತ್ತದೆ, ಆದರೆ ಕೈಯಿಂದ ಹೋಗುವುದು 7,200. ಬೆಲೆ ನಿಮ್ಮ ಅಡುಗೆಗೆ ಸಂಬಂಧವೇ ಇಲ್ಲದ ಕಾರಣಕ್ಕೂ ಏರುತ್ತದೆ. 2022ರ ಜುಲೈನಲ್ಲಿ ವೆಟ್ ಗ್ರೈಂಡರ್ ಮೇಲಿನ ಜಿಎಸ್‌ಟಿ 5ರಿಂದ 18 ಪರ್ಸೆಂಟಿಗೆ ಹೋಯಿತು. ಒಳಗಿನ ಕಲ್ಲು ಅದೇ, ಮೋಟರ್ ಅದೇ, ಇಡ್ಲಿಯೂ ಅದೇ. ಕೊಯಮತ್ತೂರಿನ ವೆಟ್ ಗ್ರೈಂಡರಿಗೆ ಜಿಐ ಮಾನ್ಯತೆ ಇದೆ, ಅಂದರೆ ಇದು ಆ ಊರಿನದೇ ವಿಶೇಷ ವಸ್ತು ಅನ್ನುವ ಸರ್ಕಾರಿ ಗುರುತು. ಅಲ್ಲಿನ ಕಲ್ಲು, ಅಲ್ಲಿನವರ ಕೈಕೆಲಸದ ಮೇಲೆ ನನಗೆ ಬಹಳ ಗೌರವ. ಆದರೆ ಆ ಹೆಸರು ಹೇಳಿ ಮಾರುವುದೆಲ್ಲ ಅಲ್ಲಿಯದೇ ಆಗಿರಬೇಕಿಲ್ಲ, ಡಬ್ಬದ ಮೇಲೆ ತಯಾರಕರ ವಿಳಾಸ ಓದಿ ನೋಡಿ.

4,300ದ್ದಕ್ಕೂ 7,200ದ್ದಕ್ಕೂ ಏನು ವ್ಯತ್ಯಾಸ ಅಂತ ಅಂಗಡಿಯವರನ್ನೇ ಕೇಳಿ. ತೆಂಗಿನಕಾಯಿ ತುರಿಯುವ, ಚಪಾತಿ ಹಿಟ್ಟು ಕಲಸುವ ಅಟ್ಯಾಚ್‌ಮೆಂಟಿಗೆ ಜಾಸ್ತಿ ಕೊಡುತ್ತಿದ್ದರೆ, ಅವು ನಿಮಗೆ ಬೇಕಾ ಯೋಚಿಸಿ. ನನ್ನ ಅಂಗಡಿಗೆ ಬರುವ ಅಂಥ ಅಟ್ಯಾಚ್‌ಮೆಂಟುಗಳು ಹೆಚ್ಚಿನವು ಕವರಿನಿಂದ ಹೊರಗೇ ಬಂದಿರಲ್ಲ. ಮೋಟರಿನ ವೈಂಡಿಂಗ್ (ಒಳಗಿನ ತಂತಿ ಸುತ್ತು) ತಾಮ್ರದ್ದು, ಡ್ರಮ್ಮಿನ ಸ್ಟೀಲ್ ದಪ್ಪ, ನಿಮ್ಮ ಏರಿಯಾದಲ್ಲೇ ಸ್ಪೇರ್ ಸಿಗುತ್ತದೆ ಅಂದರೆ ಆ ಜಾಸ್ತಿ ದುಡ್ಡಿಗೆ ಅರ್ಥ ಇದೆ. ಬೆಲ್ಟ್ ಒಂದು ಸಿಗದೆ ಒಳ್ಳೆ ಗ್ರೈಂಡರ್ ಗುಜರಿಗೆ ಹೋಗಿದ್ದನ್ನು ನೋಡಿದ್ದೇನೆ.

ನೈಟ್ ಡ್ಯೂಟಿ:

ನಾನು ಮಂಗಳೂರಿನಲ್ಲಿ ನರ್ಸ್. ನನ್ನದು ಬೇರೆ ಅಭಿಪ್ರಾಯ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಅಮ್ಮನ ಮನೆಯಲ್ಲಿ ದೊಡ್ಡ ಗ್ರೈಂಡರ್ ಇದೆ. ಹಿಟ್ಟು ಮಾತ್ರ ಅಲ್ಲ, ಮೀನು ಸಾರಿನ ತೆಂಗಿನಕಾಯಿ ಮಸಾಲೆಯನ್ನೂ ಅದರಲ್ಲೇ ನುಣ್ಣಗೆ ಕಡೆಯುತ್ತಾರೆ. ಅಮ್ಮನಿಗೆ ಅದು ಕೈಕಾಲಿದ್ದ ಹಾಗೆ. ನನಗೆ ಮದುವೆಯಲ್ಲಿ ಒಂದು ಕೊಡಿಸುತ್ತೇನೆ ಅಂದರು, ಬೇಡ ಅಂದೆ. ನಮ್ಮ ಮನೆಯಲ್ಲಿ ಬೆಳಗ್ಗೆ ನೀರುದೋಸೆ ಜಾಸ್ತಿ. ಅದಕ್ಕೆ ಉದ್ದು ಬೇಡ, ಹುಳಿ ಬರಿಸುವುದು ಬೇಡ. ನೆನೆಸಿದ ಅಕ್ಕಿ ಮಿಕ್ಸಿಗೆ ಹಾಕಿದರೆ ಆಯಿತು. ಇಡ್ಲಿ ತಿನ್ನಬೇಕು ಅನ್ನಿಸಿದರೆ ಪ್ಯಾಕೆಟ್ ಹಿಟ್ಟು ತರುತ್ತೇನೆ, ಚೆನ್ನಾಗೇ ಇರುತ್ತದೆ.

ಅಷ್ಟೇ ದುಡ್ಡಿಗೆ ನಾನು ಡ್ಯೂಟಿಗೆ ಒಳ್ಳೆ ಶೂ ತಗೊಂಡೆ. ಶೂಗೆ ಅಷ್ಟಾ ಅಂತ ಮನೆಯಲ್ಲಿ ಎಲ್ಲರೂ ಬೈದರು. ಹನ್ನೆರಡು ಗಂಟೆ ವಾರ್ಡಿನಲ್ಲಿ ನಿಂತು, ಓಡಾಡಿ, ಮನೆಗೆ ಬಂದಾಗ ಹಿಮ್ಮಡಿ ನೋಯುವುದಿಲ್ಲ ಅಂದರೆ ಅದು ಏನು ಅಂತ ನಿಂತವರಿಗೇ ಗೊತ್ತು. ನನಗೆ ಆ ಬೆಲೆ ಜಾಸ್ತಿ ಅನ್ನಿಸಲೇ ಇಲ್ಲ.

ನಿಮಗೆ ಮೈ ಎಲ್ಲಿ ದಣಿಯುತ್ತದೆ ನೋಡಿ ಅಕ್ಕ. ಮಿಕ್ಸಿ ಮುಂದೆ ನಿಂತೇ ದಣಿವಾಗುತ್ತಿದೆಯಾ, ಅಥವಾ ಬಟ್ಟೆ ಒಗೆದು, ಬಸ್ಸಿನಲ್ಲಿ ನಿಂತುಕೊಂಡು ಬಂದು ದಣಿವಾಗುತ್ತಿದೆಯಾ? ಬಸ್ಸಿನ ದಣಿವಾದರೆ ಆ ದುಡ್ಡಿಗೆ ಕೆಲವು ಸಂಜೆ ಆಟೋದಲ್ಲಿ ಬನ್ನಿ. ಅದೂ ದುಂದು ಅಲ್ಲ.

ಯಲಹಂಕದ ಅಡುಗೆಮನೆ:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರ ಉತ್ತರವನ್ನು ಯಜಮಾನರಿಗೆ ಓದಿ ಹೇಳಿದೆ. ಪ್ಯಾಕೆಟ್ ಲೆಕ್ಕ ಬಿಟ್ಟರು. ತೊಳೆಯುವುದು ಅವರ ಪಾಲಿಗೆ ಅಂತಲೂ ಒಪ್ಪಿದರು.

ಪೇಪರ್ ಹಾಸಿಯೂ ನೋಡಿದೆ. ಒಲೆ ಪಕ್ಕ ಆಗಲ್ಲ. ಕಿಟಕಿ ಹತ್ತಿರ ಡಬ್ಬಗಳಿದ್ದ ಮೂಲೆ ಖಾಲಿ ಮಾಡಿದರೆ ಸರಿಯಾಗಿ ಕೂರುತ್ತದೆ, ಪ್ಲಗ್ ಕೂಡ ಅಲ್ಲೇ ಇದೆ. ನೈಟ್ ಡ್ಯೂಟಿಯವರ ಮಾತೂ ಮನಸ್ಸಿಗೆ ನಾಟಿತು. ನನಗೆ ಬಸ್ಸಿನ ತೊಂದರೆ ಇಲ್ಲ, ಆಫೀಸ್ ಹತ್ತಿರವೇ. ನಿಜವಾಗಿ ಸಾಕಾಗುವುದು ಆ ಮಿಕ್ಸಿ ಮುಂದೆಯೇ. ಆ ಹೊತ್ತಿನಲ್ಲೇ ಮಗಳು ಗಣಿತ ಕೇಳಿಕೊಂಡು ಬರುತ್ತಾಳೆ, "ಇರು, ಇರು" ಅಂತ ಕಳಿಸುತ್ತೇನೆ.

ಹಾಸನದ ಅಣ್ಣ, ಒಂದು ಸಂದೇಹ. ಅತ್ತೆಗೆ ಭುಜ ನೋವು, ಡ್ರಮ್ ಎತ್ತಕ್ಕಾಗಲ್ಲ. ಅವರು ಇದ್ದಾಗ ರುಬ್ಬುವುದು ಅವರೇ, ಬೇಡ ಅಂದರೂ ಕೇಳಲ್ಲ. ಹಾಗಿದ್ದರೆ ಬಗ್ಗಿಸಿ ಸುರಿಯುವ ಟಿಲ್ಟಿಂಗ್ ಗ್ರೈಂಡರೇ ತಗೊಳ್ಳಬೇಕಾ? ಅದು 7,200ಕ್ಕಿಂತ ಜಾಸ್ತಿ ಹೇಳುತ್ತಿದ್ದಾರೆ.

ಹಾಸನದ ರಿಪೇರಿ ಅಂಗಡಿ:

ಟಿಲ್ಟಿಂಗ್‌ದು ಒಳ್ಳೆಯದೇ ಅಕ್ಕ. ಎತ್ತುವ ಕೆಲಸ ಇಲ್ಲ, ಹಿಟ್ಟೂ ಸುರಿಯಬಹುದು, ತೊಳೆದ ನೀರೂ ಸುರಿಯಬಹುದು. ಆದರೆ ಜಾಗ ಜಾಸ್ತಿ ಬೇಕು. ಮುಂದಕ್ಕೆ ಬಗ್ಗುವಷ್ಟು ಜಾಗ ನಿಮ್ಮ ಕಿಟಕಿ ಮೂಲೆಯಲ್ಲಿ ಇದೆಯಾ ಅಳೆದು ನೋಡಿ. ಇಲ್ಲದಿದ್ದರೆ ಬೇಡ.

ಸಾಮಾನ್ಯ ಟೇಬಲ್ ಟಾಪ್‌ನಲ್ಲೂ ಡ್ರಮ್ ಎತ್ತಲೇಬೇಕು ಅಂತಿಲ್ಲ. ಮೊದಲು ಉರುಳು ಕಲ್ಲನ್ನು ತೆಗೆದಿಡಿ. ಡ್ರಮ್ ಅಲ್ಲೇ ಇರಲಿ, ಹಿಟ್ಟನ್ನು ಕೈಯಲ್ಲಿ ಬಳಿದು ಪಾತ್ರೆಗೆ ತುಂಬಿಸಿ. ಡ್ರಮ್ ಎತ್ತಿ ಸಿಂಕಿಗೆ ಒಯ್ಯುವುದನ್ನು ಯಜಮಾನರಿಗೆ ಬಿಡಿ. ಅಲ್ಲಿಯವರೆಗೆ ಒಂದು ಲೋಟ ನೀರು ಹಾಕಿಟ್ಟರೆ ಹಿಟ್ಟು ಒಣಗಲ್ಲ. ಅಂಗಡಿಯಲ್ಲಿ ಅತ್ತೆಯವರ ಕೈಯಲ್ಲೇ ಆ ಕಲ್ಲು ತೆಗೆಸಿ, ಹಾಕಿಸಿ ನೋಡಿ. ಕೆಲವು ಮಾಡೆಲಿನಲ್ಲಿ ಲಾಕ್ ಬಹಳ ಬಿಗಿ ಇರುತ್ತದೆ, ಭುಜ ನೋವಿದ್ದವರಿಗೆ ಕಷ್ಟ. ಸುಲಭವಾಗಿ ಬರುವುದು 4,300ದ್ದಾದರೆ ಅದನ್ನೇ ತಗೊಳ್ಳಿ, 7,200ದ್ದಾದರೆ ಹಿಂದೆಮುಂದೆ ನೋಡಬೇಡಿ.

ತಂದ ದಿನವೇ ಹಿಟ್ಟು ರುಬ್ಬಬೇಡಿ. ಕಲ್ಲು, ಡ್ರಮ್ ತೊಳೆದು, ಒಂದು ಹಿಡಿ ನೆನೆಸಿದ ಅಕ್ಕಿ ಹಾಕಿ ಸ್ವಲ್ಪ ಹೊತ್ತು ತಿರುಗಿಸಿ. ಹೊಸ ಕಲ್ಲಿನ ಪುಡಿ ಅದರ ಜೊತೆ ಬರುತ್ತದೆ. ಅದನ್ನು ಚೆಲ್ಲಿ, ಮತ್ತೊಂದು ಸಲ ಹಾಗೇ ಮಾಡಿ. ವಾರಂಟಿ ಕಾರ್ಡಿಗೆ ಅಂಗಡಿ ಸೀಲು, ತಾರೀಕು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.